ಮೂರನೆಯವರಿಗೆ ಜಾಗವಿಲ್ಲದ ಕಾರು

ಹಲ್ಲಪ್ಪ ಕಾರನ್ನು ಮನೆಗೆ ತಂದ ದಿನ ಅವನ ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು, ಕನ್ನಡಕ ಸರಿಮಾಡಿಕೊಂಡು, "ಮಿಕ್ಕಿದ್ದು ಯಾವಾಗ ಬರುತ್ತೆ?" ಎಂದು ಕೇಳಿದಳು.

ಆಕೆ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಹಿಂದಿನ ಸೀಟು, ಸಾಮಾನಿಡುವ ಡಿಕ್ಕಿ, ತಲೆಯ ಮೇಲಿನ ತಗಡು, ಇವಿಷ್ಟನ್ನೂ ಕಳೆದ ಮೇಲೆ ಉಳಿಯುವುದನ್ನು ಕಾರು ಎನ್ನಬಹುದೇ ಎಂಬುದು ಅವಳ ಸಂಶಯ. ಸಂಶಯ ನ್ಯಾಯವಾಗಿಯೇ ಇತ್ತು.

"ಇಷ್ಟೇ ಕಣೇ. ಇದು ಸ್ಪೋರ್ಟ್ಸ್ ಕಾರು. ಇರೋದೇ ಎರಡು ಸೀಟು. ಮೇಲಿನ ಹೊದಿಕೆ ಬೇಕು ಅಂದಾಗ ಎಳ್ಕೋಬಹುದು, ಬೇಡ ಅಂದಾಗ ಮಡಚಿಡಬಹುದು," ಎಂದ ಹಲ್ಲಪ್ಪ ಎದೆಯುಬ್ಬಿಸಿ.

"ಛತ್ರೀನೂ ಹಾಗೇ ಅಲ್ವಾ?" ಎಂದು ಹೇಳಿ ಅವಳು ಒಳಗೆ ಹೋದಳು.

ಹಲ್ಲಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ತಯಾರಿಸುವುದು ಅವನ ಕೆಲಸ. ಬಾಯಿಯ ಅಚ್ಚು ಬಂದರೆ ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ, ಮೆರುಗು ಕೊಟ್ಟು ಕಳಿಸುತ್ತಿದ್ದ. ಊರಿನ ಹಿರಿಯರಲ್ಲಿ ಅರ್ಧದಷ್ಟು ಜನ ನಗುತ್ತಿದ್ದದ್ದು ಅವನು ಮಾಡಿಕೊಟ್ಟ ಹಲ್ಲಿನಿಂದಲೇ. ಕಾರು ಆ ವೈದ್ಯರದ್ದು. ಅವರಿಗೆ ಮಂಡಿನೋವು ಶುರುವಾದ ಮೇಲೆ ಅಷ್ಟು ತಗ್ಗಿನ ಗಾಡಿಯೊಳಗೆ ಕೂರುವುದೇನೋ ಕೂರುತ್ತಿದ್ದರು, ಎಬ್ಬಿಸಲು ಮಾತ್ರ ಇಬ್ಬರು ಬೇಕಾಗುತ್ತಿತ್ತು. ಕೊನೆಗೆ ಬೇಸತ್ತು, "ನೀನೇ ತಗೊಂಡು ಹೋಗಪ್ಪ, ಯಾರಾದರೂ ಓಡಿಸ್ತಾ ಇದ್ರೆ ಸಾಕು," ಎಂದು ಹಳೇ ಗಾಡಿಯನ್ನು ಅಗ್ಗಕ್ಕೆ ಕೊಟ್ಟುಬಿಟ್ಟರು. ಮುಂದಿನ ಖಾನೆಯಲ್ಲಿ ಅವರ ಹೆಂಡತಿ ಬಿಟ್ಟುಹೋಗಿದ್ದ ಹಳದಿ ರೇಷ್ಮೆ ಸ್ಕಾರ್ಫು, ಮುಖದ ಅರ್ಧ ಮುಚ್ಚುವಂಥ ಕಪ್ಪು ಕನ್ನಡಕ ಎರಡೂ ಕಾರಿನ ಜೊತೆಗೇ ಬಂದವು.

ಇಂಥ ಕಾರನ್ನು ಜನ ರಜಾದಿನಕ್ಕೆಂದು ಇಟ್ಟುಕೊಳ್ಳುತ್ತಾರೆ. ಹಲ್ಲಪ್ಪನಿಗೆ ಬೇರೆ ಗಾಡಿ ಇರಲಿಲ್ಲವಾದ್ದರಿಂದ ಎಲ್ಲದಕ್ಕೂ ಅದೇ ಆಯಿತು. ಗ್ಯಾಸ್ ಸಿಲಿಂಡರು ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಗಾಳಿ ಸೇವಿಸುತ್ತಾ ಮನೆಗೆ ಬರುತ್ತಿತ್ತು. ಪರಕೆ ಕೊಂಡರೆ ಅದರ ತಲೆ ಆಕಾಶಕ್ಕೆ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಲಾರಿಯ ಚಕ್ರದ ನಟ್ಟುಗಳು ಅವನ ಕಿವಿಯ ಮಟ್ಟಕ್ಕೆ ಇರುತ್ತಿದ್ದವು. ಒಮ್ಮೆ ಸುಣ್ಣದಂಥ ಬಿಳಿ ದವಡೆಯ ಅಚ್ಚುಗಳನ್ನು ಸೀಟಿನ ಮೇಲೆ ಸಾಲಾಗಿ ಇಟ್ಟುಕೊಂಡು ಹೊರಟಾಗ ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಿಡಿದು, ಬಗ್ಗಿ ನೋಡಿ, ದವಡೆಗಳೆಲ್ಲ ತಮ್ಮನ್ನೇ ನೋಡಿ ನಗುತ್ತಿರುವುದನ್ನು ಕಂಡು, ಏನೂ ಕೇಳದೆ ಹೋಗಲು ಬಿಟ್ಟರು. ಹಲ್ಲಪ್ಪನಿಗೆ ಅದು ಕಾರಿಗೆ ಸಿಕ್ಕ ಮರ್ಯಾದೆಯಾಗಿ ಕಂಡಿತು.

ಅವನ ಮನೆಯಿದ್ದ ಕಟ್ಟಡದಲ್ಲಿ ಅವನಿಗೆ ಮರ್ಯಾದೆ ಕೊಡದೆ ಉಳಿದವರು ಒಬ್ಬರೇ, ಅವನ ಅತ್ತೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಗನ ಮನೆಯಲ್ಲಿ ಅವರ ವಾಸ. ಮದುವೆಯಾದಾಗಿನಿಂದ ಅವರು ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ಅವರಿಗೆ ಟೀ ಬೇಕಾ ಕೇಳು," ಎನ್ನುತ್ತಿದ್ದರು. ಹಲ್ಲಪ್ಪ "ಬೇಕು" ಎಂದರೆ ಕೇಳಿಸಿದರೂ ಕೇಳಿಸದವರಂತೆ ಮಗಳ ಬಾಯಿಂದ ಅದು ಬರುವವರೆಗೆ ಕಾಯುತ್ತಿದ್ದರು. ಟೀ ಅಷ್ಟರಲ್ಲಿ ಆರುತ್ತಿತ್ತು.

ಕಾರಣ ಸಣ್ಣದಲ್ಲ. ಹೆಣ್ಣು ನೋಡಲು ಹೋಗಿದ್ದ ದಿನ ಎಲ್ಲರೂ ಕೂತಿದ್ದಾಗ, ಹುಡುಗಿಯನ್ನು ನೋಡುವುದು ಬಿಟ್ಟು ಹುಡುಗಿಯ ತಾಯಿಯ ಬಾಯಿಯನ್ನೇ ದಿಟ್ಟಿಸಿ, "ಮೇಲಿನ ಸೆಟ್ಟು ಸ್ವಲ್ಪ ಸಡಿಲ ಆಗಿದೆ. ಅರ್ಧ ಗಂಟೆ ಕೊಟ್ರೆ ಸರಿಮಾಡಿಕೊಡ್ತೀನಿ," ಎಂದುಬಿಟ್ಟಿದ್ದ. ಅವನ ಮನಸ್ಸಿನಲ್ಲಿ ಉಪಕಾರದ ಭಾವನೆಯ ಹೊರತು ಬೇರೇನೂ ಇರಲಿಲ್ಲ. ಆದರೆ ಅತ್ತೆಯವರ ಹಲ್ಲುಗಳು ಸ್ವಂತ ಹಲ್ಲುಗಳೆಂದು ಮಕ್ಕಳಾದಿಯಾಗಿ ಜಗತ್ತೇ ನಂಬಿತ್ತು, ಅಥವಾ ಜಗತ್ತು ನಂಬಿದೆಯೆಂದು ಅತ್ತೆಯವರು ನಂಬಿದ್ದರು. "ನನ್ನ ಹಲ್ಲು ನನ್ನವೇ ಅಂತ ಅವರಿಗೆ ಹೇಳು," ಎಂದು ಆ ದಿನ ಮಗಳ ಕಡೆ ತಿರುಗಿದವರು ಮತ್ತೆ ಅಳಿಯನ ಕಡೆ ತಿರುಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಹೆಂಡತಿ ಶಾಲೆಗೆ ಹೋದ ಮೇಲೆ, ಅತ್ತೆಯವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೆಳಗಿಳಿದು ಬಂದರು. ಮನೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಸುತ್ತಲೂ ನೋಡಿ, ಕೊನೆಗೆ ಫ್ರಿಜ್ಜಿನ ಎದುರು ನಿಂತರು.

"ಕೆಲವರ ಹಲ್ಲಿನ ಸೆಟ್ಟು ಬಿರುಕು ಬಿಟ್ಟಿದೆ," ಎಂದು ಫ್ರಿಜ್ಜಿಗೆ ಹೇಳಿದರು.

ಹಲ್ಲಪ್ಪ ಗಾಬರಿಯಿಂದ ಫ್ರಿಜ್ಜಿನ ಕಡೆ ನೋಡಿದ.

"ಅದನ್ನ ಸರಿಮಾಡೋಕೆ ಕೆಲವರಿಗೆ ಬರುತ್ತೆ ಅಂತ ಕೇಳಿದ್ದೀನಿ. ಆದ್ರೆ ಆ ಕೆಲವರು ಈ ಸಲನಾದ್ರೂ ಬಾಯಿ ಮುಚ್ಕೊಂಡಿರಬೇಕು. ಹೆಂಡತಿಗೂ ಹೇಳಬಾರದು."

ಹಲ್ಲಪ್ಪನಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಅವನೂ ಫ್ರಿಜ್ಜಿನ ಕಡೆಗೇ ತಿರುಗಿ, "ಕೆಲವರು ಯಾರಿಗೂ ಹೇಳಲ್ಲ ಅಂತ ಅವರಿಗೆ ಹೇಳು. ದೇವರಾಣೆ," ಎಂದ.

ಸದ್ಯಕ್ಕೆ ಬಿರುಕನ್ನು ಅಂಟಿಸಿಕೊಟ್ಟ. ಆದರೆ ಹೊಸ ಸೆಟ್ಟು ಆಗಲೇಬೇಕಿತ್ತು. ಅದಕ್ಕೆ ಕ್ಲಿನಿಕ್ಕಿಗೆ ಹೋಗಿ ಅಚ್ಚು ತೆಗೆಸಬೇಕು, ಮೇಣದಲ್ಲಿ ಹಾಕಿ ನೋಡಬೇಕು, ಒಂದೆರಡು ದಿನದ ಕೆಲಸವಲ್ಲ. ಫ್ರಿಜ್ಜಿನ ಸಮಕ್ಷಮದಲ್ಲೇ ಏರ್ಪಾಡಾಯಿತು. ಅತ್ತೆಯವರು ಬೆಳಿಗ್ಗೆ ವಾಕಿಂಗಿಗೆಂದು ಉದ್ಯಾನಕ್ಕೆ ಹೋಗುವುದು, ಮುಂದಿನ ಗೇಟಿನಿಂದ ಹೊಕ್ಕು ಹಿಂದಿನ ಗೇಟಿನಿಂದ ಹೊರಬರುವುದು, ಅಲ್ಲಿ ಹಲ್ಲಪ್ಪ ಕಾರು ನಿಲ್ಲಿಸಿಕೊಂಡಿರುವುದು. ಗುರುತು ಸಿಗದಿರಲೆಂದು ಅತ್ತೆಯವರು ಹಳದಿ ಸ್ಕಾರ್ಫನ್ನು ಮೂಗಿನವರೆಗೆ ಸುತ್ತಿ ಕಪ್ಪು ಕನ್ನಡಕ ಏರಿಸಿದರು. ಅಂಟಿಸಿದ ಹಲ್ಲು ಗಾಳಿಗೆ ಹಾರಿಹೋದೀತೆಂದು ತೆಗೆದು ಕೈಚೀಲದಲ್ಲಿ ಇಟ್ಟುಕೊಂಡರು.

ಮೊದಲ ದಿನ ಕಾರು ದೊಡ್ಡ ರಸ್ತೆಗೆ ಬಂದದ್ದೇ ತಡ, ಅತ್ತೆಯವರಿಗೆ ಜೀವ ಬಾಯಿಗೆ ಬಂತು. "ಅವರಿಗೆ ನಿಧಾನ ಹೋಗೋಕೆ ಹೇಳು," ಎಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಬಸ್ಸಿನ ಚಕ್ರವಿತ್ತು. ಹಿಂದಕ್ಕೆ ತಿರುಗಿದರೆ ಹಿಂದಿನ ಸೀಟೇ ಇಲ್ಲ. ಮೇಲೆ ನೋಡಿದರೆ ಬರೀ ಆಕಾಶ. ಆ ಕಾರನ್ನು ಕಟ್ಟಿದ ಪುಣ್ಯಾತ್ಮರು ಮಾತು ದಾಟಿಸುವವರಿಗೆಂದು ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಮುಂದೆ ಒಂದು ಲಾರಿ ಅಡ್ಡ ಬಂತು.

"ಅಳಿಯಂದಿರೇ, ಬ್ರೇಕು," ಎಂದು ಕೂಗಿದರು ಅತ್ತೆ.

ಹಲ್ಲಪ್ಪ ಬ್ರೇಕು ಒತ್ತಿದ. ಕಾರು ನಿಂತ ಮೇಲೂ ಬಹಳ ಹೊತ್ತು ಒತ್ತಿಯೇ ಇದ್ದ. ಅಷ್ಟು ವರ್ಷಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಹಲ್ಲಿಲ್ಲದ ಬಾಯಿಂದ ಗಾಳಿ ಬೆರೆತು ಬಂದಿದ್ದರೂ ಅವನ ಕಣ್ಣು ತುಂಬಿತು.

"ಧೂಳು," ಎಂದ.

"ಕನ್ನಡಕ ಹಾಕ್ಕೊಳ್ಳಿ," ಎಂದರು ಅತ್ತೆ. ಅದು ಎರಡನೆಯ ಮಾತು.

ಕಟ್ಟೆ ಒಡೆದ ಮೇಲೆ ತಡೆಯುವವರು ಯಾರು? ದಿನಕ್ಕಿಷ್ಟರಂತೆ ಕೂಡಿಟ್ಟಿದ್ದ ಮಾತುಗಳೆಲ್ಲ ಹೊರಗೆ ಬಂದವು. ಹಲ್ಲಪ್ಪ ಅಂಗಿಯ ಗುಂಡಿಯನ್ನು ಸರಿಯಾಗಿ ಹಾಕದಿರುವುದು, ಬಾಗಿಲು ತಳ್ಳುವ ಕಡೆ ಎಳೆಯುವುದು, ಮಗಳು ಮಾಡಿದ ಸಾರು ಚೆನ್ನಾಗಿದ್ದರೂ ಚೆನ್ನಾಗಿದೆ ಎಂದು ಹೇಳದಿರುವುದು. ಅವನು ಎಲ್ಲಕ್ಕೂ "ಹೌದು ಅತ್ತೆ" ಎನ್ನುತ್ತಿದ್ದ. ಒಂದು ದಿನ ಅವರು, "ನನ್ನ ಮಗಳಿಗೆ ಕೋಪ ಬಂದ್ರೆ ಲೆಕ್ಕ ಕೇಳ್ತಾಳೆ. ಅದಕ್ಕೆ ಹೆದರಬೇಡಿ. ಮನಸ್ಸಿಗೆ ನೋವಾದ್ರೆ ಸುಮ್ಮನಾಗಿಬಿಡ್ತಾಳೆ. ಆಗ ಹೆದರಿ," ಎಂದರು. ಇಂಥ ಮಾತನ್ನು ಹೇಳಿಕೊಡುವವರಿಲ್ಲದೆ ತಾನು ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಎಂದು ಹಲ್ಲಪ್ಪ ಸ್ಟೀರಿಂಗ್ ಚಕ್ರವನ್ನು ಕೃತಜ್ಞತೆಯಿಂದ ಸವರಿದ.

ಹಲ್ಲು ಮಾಡಲು ಅವನು ಒಂದು ಹಳೆಯ ಫೋಟೋ ಕೇಳಿ ತರಿಸಿಕೊಂಡಿದ್ದ. ಅದರಲ್ಲಿ ಅತ್ತೆ ಹರೆಯದವರು, ಯಾವುದಕ್ಕೋ ಬಾಯ್ತುಂಬ ನಗುತ್ತಿದ್ದರು. ಮುಂದಿನ ಒಂದು ಹಲ್ಲು ತುಸು ಓರೆ. ಹಿಂದಿನ ಸೆಟ್ಟು ಮಾಡಿದವರು ಎಲ್ಲ ಹಲ್ಲುಗಳನ್ನೂ ಕವಾಯತಿಗೆ ನಿಂತವರಂತೆ ನೆಟ್ಟಗೆ ನಿಲ್ಲಿಸಿದ್ದರು. ಹಲ್ಲಪ್ಪ ಫೋಟೋ ನೋಡಿಕೊಂಡು ಆ ಒಂದು ಹಲ್ಲನ್ನು ಓರೆಯಾಗಿಯೇ ಕೂರಿಸಿದ. ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದ ಅತ್ತೆ ಆ ಓರೆ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡರು. ಕೊನೆಗೆ, "ಸ್ವಲ್ಪ ಕಚ್ಚುತ್ತೆ. ನಾಳೆ ಮತ್ತೆ ಬರಬೇಕಾಗುತ್ತೇನೋ," ಎಂದರು.

ಅಲ್ಲಿಂದ ಹಲ್ಲಪ್ಪನ ನಿದ್ದೆ ಕೆಟ್ಟಿತು. ಮರುದಿನ ನೋಡಿದರೆ ಎಡಕ್ಕೆ ಕಚ್ಚುತ್ತಿತ್ತು, ಅದರ ಮರುದಿನ ಬಲಕ್ಕೆ. ಎಲ್ಲಿ ಕಚ್ಚುತ್ತದೆಂದು ಭೂತಗನ್ನಡಿ ಹಿಡಿದು ಹುಡುಕಿದರೂ ದೋಷ ಸಿಗಲಿಲ್ಲ. "ನನ್ನ ಕೈ ಹೋಯ್ತು ಡಾಕ್ಟ್ರೇ," ಎಂದು ವೈದ್ಯರೆದುರು ಅತ್ತುಕೊಂಡ. ಅವರು ಸೆಟ್ಟನ್ನು ನೋಡಿ, ಕಿಟಕಿಯಾಚೆ ಕಾರಿನಲ್ಲಿ ಸ್ಕಾರ್ಫು ಹಾರಿಸಿಕೊಂಡು ಕೂತಿದ್ದವರನ್ನು ನೋಡಿ, "ಇಂಥ ನೋವು ಬೇಗ ವಾಸಿ ಆಗಲ್ಲಪ್ಪ," ಎಂದು ನಕ್ಕು ಒಳಗೆ ಹೋದರು. ಹಲ್ಲಪ್ಪನಿಗೆ ಅರ್ಥವಾಗಲಿಲ್ಲ.

ಊರಿಗೆ ಮಾತ್ರ ಎಲ್ಲವೂ ಅರ್ಥವಾಗುತ್ತಾ ಬಂದಿತ್ತು. ಮೊದಲು ನೋಡಿದ್ದು ಉದ್ಯಾನದ ಹಿಂದಿನ ಗೇಟಿನೆದುರು ಅಂಗಡಿ ಇಟ್ಟಿದ್ದ ಕ್ಷೌರಿಕ. ಹಲ್ಲಪ್ಪನ ಕಾರಿನಲ್ಲಿ ಹಳದಿ ಸ್ಕಾರ್ಫಿನ ಅಪರಿಚಿತ ಹೆಂಗಸು. ಅದೂ ದಿನಾ ಬೆಳಿಗ್ಗೆ. ಅವನು ಕೂದಲು ಕತ್ತರಿಸುತ್ತಲೇ ಸುದ್ದಿಯನ್ನು ತಲೆಯಿಂದ ತಲೆಗೆ ದಾಟಿಸಿದ. ನೆಲಮಹಡಿಯ ನಿವೃತ್ತ ನರ್ಸಮ್ಮ ಖುದ್ದಾಗಿ ನೋಡಿಬರಲೆಂದೇ ಉದ್ಯಾನಕ್ಕೆ ಹೋಗಿ, ಗಿಡದ ಮರೆಯಲ್ಲಿ ನಿಂತು, ಹಲ್ಲಪ್ಪ ಕಾರಿನ ಬಾಗಿಲು ತೆಗೆದು ಕೈಹಿಡಿದು ಕೂರಿಸುವುದನ್ನು ಕಂಡು ಬಂದರು. ಹೆಂಡತಿಗೆ ಯಾವತ್ತಾದರೂ ಹಾಗೆ ಬಾಗಿಲು ತೆಗೆದಿದ್ದನೇ ಎಂದು ಮೆಟ್ಟಿಲ ಮೇಲೆ ಅವಳನ್ನೇ ನಿಲ್ಲಿಸಿ ಕೇಳಿದರು. ತೆಗೆದಿರಲಿಲ್ಲ.

ಹೆಂಡತಿ ಮೊದಲು ನಂಬಲಿಲ್ಲ. ಆದರೆ ಒಂದು ಸಂಜೆ ಕಾರಿನಲ್ಲಿ ಕೂತವಳ ಮಂಡಿ ಮುಂದಿನ ಖಾನೆಗೆ ತಾಗಿತು.

"ಈ ಸೀಟು ಮುಂದಕ್ಕೆ ಬಂದಿದೆಯಲ್ಲ. ಯಾರು ಕೂತಿದ್ರು? ನನಗಿಂತ ಗಿಡ್ಡ ಇದ್ದಾರೆ. ಎಷ್ಟು ಗಿಡ್ಡ ಅಂತಾನೂ ಲೆಕ್ಕ ಹಾಕಬಲ್ಲೆ," ಎಂದಳು.

ಹಲ್ಲಪ್ಪ ಗೇರು ಹುಡುಕುವವನಂತೆ ಕೆಳಗೆ ನೋಡಿದ. "ಹಲ್ಲುಗಳು," ಎಂದ. "ಜಾರಬಾರದು ಅಂತ ಮುಂದಕ್ಕೆ ಎಳೆದೆ."

ಅವಳು ಮತ್ತೇನೂ ಲೆಕ್ಕ ಕೇಳಲಿಲ್ಲ. ಮನೆ ತಲುಪುವವರೆಗೂ, ಊಟ ಬಡಿಸುವಾಗಲೂ, ಮರುದಿನವೂ ಸುಮ್ಮನಿದ್ದಳು. ಹಲ್ಲಪ್ಪನಿಗೆ ಅತ್ತೆಯ ಮಾತು ನೆನಪಾಯಿತು, ಅವರು ಹೇಳಿದಂತೆಯೇ ಹೆದರಿದ. ಹೇಳಿದರೆ ಅತ್ತೆಯ ಮಾತು ಮತ್ತೆ ನಿಲ್ಲುತ್ತದೆ, ಹೇಳದಿದ್ದರೆ ಹೆಂಡತಿಯ ಮಾತು ನಿಂತೇ ಇರುತ್ತದೆ. ಬಾಯಿ ತಪ್ಪಿ ಒಮ್ಮೆ ಕೆಟ್ಟವನು ಈ ಸಲ ಬಾಯಿ ಮುಚ್ಚಿಕೊಂಡೇ ಕೆಡುವ ಸ್ಥಿತಿಗೆ ಬಂದಿದ್ದ.

ವಿಷಯ ಭಾವನವರೆಗೆ ಹೋಯಿತು. ಹೆಂಡತಿಯ ಅಣ್ಣನಾದ ಈ ಭಾವ ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡುವವರು. ಯಾವ ಗಾಡಿ ಯಾವುದಕ್ಕೆ ಯಾಕೆ ಗುದ್ದಿತು ಎಂದು ಪತ್ತೆ ಹಚ್ಚುವುದೇ ಅವರ ಜೀವನ. ರಜಾದಿನ ಮಧ್ಯಾಹ್ನ ತಮ್ಮ ಮನೆಯ ಹಜಾರಕ್ಕೆ ಎಲ್ಲರನ್ನೂ ಕರೆಸಿ, ಮೇಜಿನ ಮೇಲೆ ಬೆಂಕಿಪೊಟ್ಟಣವೊಂದನ್ನು ಇಟ್ಟು, "ಇದು ಕಾರು," ಎಂದರು. ಪಕ್ಕದಲ್ಲಿ ಒಂದು ಬಟಾಣಿ ಇಟ್ಟು, "ಇದು ಆ ಹೆಂಗಸು," ಎಂದರು. ಬಟಾಣಿಯನ್ನು ಅವರು ತೆಗೆದುಕೊಂಡದ್ದು ಮೂಲೆಯಲ್ಲಿ ಕೂತು ಕಾಯಿ ಬಿಡಿಸುತ್ತಿದ್ದ ಅವರ ತಾಯಿಯ ತಟ್ಟೆಯಿಂದ. ಅತ್ತೆ ಬಿಡಿಸುತ್ತಲೇ ಇದ್ದರು.

"ವಾಹನ ಗೇಟಿನ ಯಾವ ಕಡೆ ನಿಂತಿತ್ತು?" ಎಂದು ಭಾವ ಶುರುಮಾಡಿದರು.

"ಯಾವ ಕಡೆ ನಿಂತ್ರೇನು, ಹೆಂಗಸನ್ನ ಕೇಳಿ," ಎಂದರು ನರ್ಸಮ್ಮ. "ನಲವತ್ತರ ಒಳಗೇ. ನಾನು ನೋಡಿದ ಜನ ಎಷ್ಟು. ನಡಿಗೆಯಲ್ಲೇ ವಯಸ್ಸು ಗೊತ್ತಾಗುತ್ತೆ. ಎಂಥ ಠೀವಿ ಅಂತೀರಿ."

ಬಟಾಣಿ ಬಿಡಿಸುವ ಕೈ ನಿಧಾನವಾಯಿತು.

"ಕ್ಷೌರಿಕರ ಹೇಳಿಕೆ ಬೇರೆ ಇದೆ," ಎಂದರು ಭಾವ. "ಅವರ ಪ್ರಕಾರ ಮೂವತ್ತೂ ಆಗಿಲ್ಲ. ಒಳ್ಳೆ ಮನೆತನದವಳ ಹಾಗೆ ಕಾಣ್ತಾಳಂತೆ. ತೆಳ್ಳಗೆ, ನೆಟ್ಟಗೆ."

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಮುಖದ ಮೇಲೆ ಹಿಂದೆಂದೂ ಕಾಣದ ಒಂದು ಪ್ರಸನ್ನತೆ ಇತ್ತು. ಹಲ್ಲಪ್ಪ ಅವರ ಕಡೆ ಅಂಗಲಾಚುವ ನೋಟ ಬೀರಿದ. ಅವರು ನರ್ಸಮ್ಮನ ಕಡೆ ನೋಡುತ್ತಿದ್ದರು, ಇನ್ನೂ ಸ್ವಲ್ಪ ಹೇಳಲಿ ಎಂಬಂತೆ.

"ಯಾರು ಆಕೆ? ಹೆಸರು ಹೇಳಿ, ಮುಗಿದುಹೋಗಲಿ," ಎಂದರು ಭಾವ, ಹಲ್ಲಪ್ಪನ ಕಡೆ ತಿರುಗಿ.

"ಹೇಳೋ ಹಾಗಿಲ್ಲ," ಎಂದ ಹಲ್ಲಪ್ಪ. "ಮಾತು ಕೊಟ್ಟಿದ್ದೀನಿ."

ಇದಕ್ಕಿಂತ ಕೆಟ್ಟ ಉತ್ತರವನ್ನು ಒಂದು ದಿನ ಪೂರ್ತಿ ಕೂತು ಯೋಚಿಸಿದರೂ ಕೊಡಲಾಗುತ್ತಿರಲಿಲ್ಲ. ನರ್ಸಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ತೆಗೆದು ಒರೆಸಿಕೊಂಡಳು. ಅವಳು ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ ಎಂಬುದು ಹಲ್ಲಪ್ಪನಿಗೂ ಕಂಡಿತು, ಅತ್ತೆಗೂ ಕಂಡಿತು.

"ಹಾಗಾದ್ರೆ ನನ್ನ ತೀರ್ಮಾನ ಇಷ್ಟು," ಎಂದರು ಭಾವ. "ಎಲ್ಲದಕ್ಕೂ ಮೂಲ ಆ ಎರಡು ಸೀಟಿನ ಕಾರು. ನಾಳೆನೇ ಅದನ್ನ ಮಾರಬೇಕು."

"ಮಾರ್ತೀನಿ," ಎಂದ ಹಲ್ಲಪ್ಪ.

ಬಟಾಣಿಯ ತಟ್ಟೆ ದಡಾರನೆ ನೆಲಕ್ಕೆ ಬಂತು.

"ಕಾರು ಮಾರೋ ಹಾಗಿಲ್ಲ," ಎಂದರು ಅತ್ತೆ. ಎದ್ದು ಬಂದು ಮೇಜಿನ ಮೇಲಿದ್ದ ಆ ಒಂಟಿ ಬಟಾಣಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಟ್ಟನೆ ಕಡಿದರು. "ಆ ಹೆಂಗಸು ನಾನೇ. ಹಲ್ಲು ಮಾಡಿಸಿಕೊಳ್ಳೋಕೆ ಹೋಗ್ತಿದ್ದೆ. ನನ್ನ ಹಲ್ಲು ನನ್ನವಲ್ಲ, ಮೊದಲಿಂದಾನೂ ಅಲ್ಲ. ಸಾಕಾ?"

ನರ್ಸಮ್ಮ ನಲವತ್ತಕ್ಕೂ ಎಪ್ಪತ್ತಕ್ಕೂ ನಡುವಿನ ದೂರವನ್ನು ಮನಸ್ಸಿನಲ್ಲೇ ಅಳೆಯುತ್ತಿರುವಂತೆ ಕಂಡರು. ಮೊದಲು ಬಾಯಿ ಬಿಟ್ಟದ್ದು ಭಾವ.

"ಅಮ್ಮಾ, ಹಲ್ಲಿನ ವಿಷಯ ನಮಗೆಲ್ಲ ಯಾವಾಗಲೋ ಗೊತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಯಾರೂ ಹೇಳಲಿಲ್ಲ."

"ನನಗೂ ಗೊತ್ತಿತ್ತು," ಎಂದರು ನರ್ಸಮ್ಮ ಸಣ್ಣ ದನಿಯಲ್ಲಿ.

ಅತ್ತೆ ಸರ್ರನೆ ಅಳಿಯನ ಕಡೆ ತಿರುಗಿದರು. "ನೀವೇನಾದ್ರೂ ಹೇಳಿದ್ರಾ?"

"ಇಲ್ಲ ಅತ್ತೆ. ಫ್ರಿಜ್ಜಿನಾಣೆಗೂ ಇಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಇಡುವುದನ್ನೂ ಮರೆತು ಬಾಯ್ತುಂಬ ನಕ್ಕರು. ಮುಂದಿನ ಹಲ್ಲೊಂದು ತುಸು ಓರೆಯಾಗಿ ಹೊಳೆಯಿತು. ಭಾವ ಮೇಜಿನ ಮೇಲಿದ್ದ ಬೆಂಕಿಪೊಟ್ಟಣವನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಅಮ್ಮಾ, ಆ ಹಲ್ಲು," ಎಂದಳು ಹೆಂಡತಿ. ಚಿಕ್ಕವಳಿದ್ದಾಗ ತಾನು ನೋಡಿದ್ದ ನಗು ಅದು. ಅದು ಎಲ್ಲಿ ಹೋಯಿತೆಂದು ಕೇಳಲೂ ತೋಚದಷ್ಟು ಹಿಂದೆಯೇ ಕಳೆದುಹೋಗಿತ್ತು.

"ನಿನ್ನ ಗಂಡ ಮಾಡಿದ್ದು," ಎಂದರು ಅತ್ತೆ. ಮತ್ತೆ ಅಳಿಯನಿಗೇ ಹೇಳಿದರು, "ನಿಮಗೂ ಒಂದು ಮಾತು ಹೇಳಬೇಕು. ಹಲ್ಲು ಎಲ್ಲೂ ಕಚ್ತಾ ಇರಲಿಲ್ಲ. ಮೊದಲನೇ ದಿನಾನೇ ಸರಿಯಾಗಿತ್ತು. ಸರಿಯಾಗಿದೆ ಅಂದಿದ್ರೆ ಮಾರನೇ ದಿನ ನೀವು ಕರ್ಕೊಂಡು ಹೋಗ್ತಿದ್ರಾ?"

ಹಲ್ಲಪ್ಪ ಮಾತಾಡಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಜೀವನದಲ್ಲಿ ಅವನು ಸರಿಯಾದ ಸಮಯಕ್ಕೆ ಸುಮ್ಮನಿದ್ದದ್ದು ಅದೇ ಮೊದಲು.

ಆದರೆ ಹೆಂಡತಿಯ ಲೆಕ್ಕ ಇನ್ನೂ ತೀರಿರಲಿಲ್ಲ. ಮೂಗು ಒರೆಸಿಕೊಂಡು, ಗಂಡನ ಕಡೆ ನೋಡದೆ, ತಾಯಿಯ ಕಡೆ ತಿರುಗಿ, "ಅಮ್ಮಾ, ಅವರಿಗೆ ಹೇಳು. ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಕ್ಕೆ ನನಗೆ ಎಷ್ಟು ಸಂಕಟ ಆಯ್ತು ಅಂತ," ಎಂದಳು.

"ನಾನ್ಯಾಕೆ ಹೇಳಲಿ?" ಎಂದರು ಅತ್ತೆ, ಚೆಲ್ಲಿದ ಬಟಾಣಿ ಆರಿಸುತ್ತಾ. "ಹೋಗಿ ಕಾರಲ್ಲಿ ಕೂತ್ಕೊಂಡು ನೀನೇ ಹೇಳು. ಅಲ್ಲಿ ಮೂರನೆಯವರಿಗೆ ಜಾಗ ಇಲ್ಲ."

ಹಲ್ಲಪ್ಪ ಕೆಳಗೆ ಬಂದು ಹೆಂಡತಿಗೆ ಬಾಗಿಲು ತೆಗೆದು ಹಿಡಿದ. ಅವಳು ಸೀಟನ್ನು ಹಿಂದಕ್ಕೆ ತಳ್ಳಿ, ತನ್ನ ಅಳತೆಗೆ ಸರಿಮಾಡಿಕೊಂಡು, ಖಾನೆಯಿಂದ ಹಳದಿ ಸ್ಕಾರ್ಫು ತೆಗೆದು ಕಟ್ಟಿಕೊಂಡಳು. ಸಿಗ್ನಲ್ಲಿನಲ್ಲಿ ಲಾರಿಯ ಚಕ್ರದ ಪಕ್ಕದಲ್ಲಿ ಕಾರು ನಿಂತಾಗ ಬೈಯಲು ಶುರುಮಾಡಿದಳು. ಹಸಿರು ದೀಪ ಬಂದರೂ ನಿಲ್ಲಿಸಲಿಲ್ಲ. ಸೀಟಿನ ಸುಳ್ಳು, ಮೆಟ್ಟಿಲ ಮೇಲಿನ ಅವಮಾನ, ಒಂದು ದಿನವೂ ತೆಗೆಯದ ಬಾಗಿಲು, ಎಲ್ಲವೂ ಯಾರ ಮೂಲಕವೂ ಹಾಯದೆ ನೇರವಾಗಿ ಅವನಿಗೇ ಬಂದವು. ಹಲ್ಲಪ್ಪ ಒಂದನ್ನೂ ಬಿಡದೆ ಕೇಳಿಸಿಕೊಂಡ. ಅವಳ ಮಾತು ವಾಪಸು ಬಂತಲ್ಲ ಎಂಬ ಸಂತೋಷದಲ್ಲಿ ಅವನಿಗೆ ಯಾವ ಬೈಗುಳವೂ ಹೆಚ್ಚೆನಿಸಲಿಲ್ಲ.

ಉದ್ಯಾನದ ಹಿಂದಿನ ಗೇಟಿನ ಹತ್ತಿರ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, ಅದೇ ಸ್ಕಾರ್ಫಿನಲ್ಲಿ ಈ ಸಲ ಎತ್ತರದ ಹೆಂಗಸನ್ನು ಕಂಡು ನಿಂತಲ್ಲೇ ನಿಂತ. ಹೆಂಡತಿ ಅವನಿಗೆ ಗಂಭೀರವಾಗಿ ಕೈ ಬೀಸಿದಳು.

ತಮ್ಮ ರಸ್ತೆಯ ತಿರುವು ಬಂದಾಗ ಹಲ್ಲಪ್ಪ ವೇಗ ತಗ್ಗಿಸಿದ.

"ತಿರುಗಿಸಬೇಡಿ," ಎಂದಳು ಹೆಂಡತಿ, ಮುಖ ಆಚೆ ಮಾಡಿಕೊಂಡು. "ಇನ್ನೊಂದು ಸುತ್ತು ಹೋಗಿ. ನಾನು ಬೈಯೋದು ಇನ್ನೂ ಮುಗಿದಿಲ್ಲ."

ಅಷ್ಟು ಹೊತ್ತಿಗೆ ಹಲ್ಲಪ್ಪನಿಗೂ ತಾಯಿ ಮಗಳ ರೀತಿ ತಿಳಿಯತೊಡಗಿತ್ತು. ಅವನು ನೇರವಾಗಿ ಮುಂದಕ್ಕೆ ಬಿಟ್ಟ.